ಸಭೆಯ ಹಿರಿಯರು, ಕೇರಿಯ ಕಿರಿಯರು

ಕ್ರೈಸ್ತ ಸಭೆಗಳಲ್ಲಿ ‘ಹಿರಿಯರು’ ಅಂದರೆ ಪಾದ್ರಿಯ ಜೊತೆ ಕೂತು ಸಭೆಯ ಶಿಸ್ತು, ಲೆಕ್ಕಪತ್ರ, ಬಡವರ ಪಾಲು ನೋಡಿಕೊಳ್ಳುವವರು. ಗ್ರೀಕಿನ ‘ಪ್ರೆಸ್ಬಿತೆರೋಸ್’ ಎಂಬ ಪದಕ್ಕೆ ಹಿರಿಯ ಎಂದೇ ಅರ್ಥ. ಇಂಗ್ಲಿಷಿನ ‘ಪ್ರೀಸ್ಟ್’ ಹುಟ್ಟಿದ್ದೂ ಅದೇ ಪದದಿಂದ. ಹಿರಿಯ ಎಂಬ ಮಾತು ಕಾಲಾನಂತರ ಪುರೋಹಿತ ಆಗಿಬಿಟ್ಟಿತು. ದಲಿತ ವಿಮರ್ಶೆ ಈ ಪಲ್ಲಟವನ್ನು ಸುಮ್ಮನೆ ಬಿಡಬಾರದು ಅಂತ ನನಗನ್ನಿಸುತ್ತದೆ.

ಶಿರಾಲಿ, ಹೊನ್ನಾವರ, ಕುಮಟೆ ಕಡೆಯ ನಮಗೆ ಹಿರೇತನ ಅಂದರೆ ಹುಟ್ಟಿನಿಂದ ಬಂದದ್ದು. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಊರಗೌಡ, ಬುದವಂತ, ಕೋಲಕಾರ ಎಂಬ ಕಟ್ಟು ಇದೆ. ಶಿರಾಲಿಯಲ್ಲಿ ಚಿತ್ರಾಪುರ ಸಾರಸ್ವತರ ಗುರುಪೀಠ ಇದೆ. ಆ ಪೀಠಕ್ಕೆ ಶಿಷ್ಯ ಬರುವುದು ಆ ಸಮಾಜದೊಳಗಿಂದಲೇ. ಗದ್ದೆಯಲ್ಲಿ ದುಡಿದ ಮುಕ್ರಿಗೆ ತನ್ನ ಕೇರಿಯಾಚೆಗೆ ಯಾರ ಹಿರಿಯನೂ ಆಗುವ ದಾರಿ ಇರಲಿಲ್ಲ. ಇಂಥ ನೆಲಕ್ಕೆ, ಗುಣ ನೋಡಿ ಆರಿಸುವ ಹಿರಿಯ ಎಂಬ ಕಲ್ಪನೆ ದೊಡ್ಡ ಆಸೆಯನ್ನೇ ಹೊತ್ತು ತಂದಿತು. ಆ ಆಸೆ ಏನಾಯಿತು?

ಒಂದು ಕಥೆ ನೋಡೋಣ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷಕ್ಕೆ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದ. ಮಂಗಳೂರಿನ ಬ್ರಾಹ್ಮಣ ಸಮಾಜ ಅಲ್ಲೋಲಕಲ್ಲೋಲವಾಯಿತು. ಆತ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಮಿಷನರಿಯಾಗಿಯೇ ಹಿಂತಿರುಗಿದ. ಆಮೇಲೆ ಕೊಡಗಿನಲ್ಲಿ, ಒಡೆಯರ ಗದ್ದೆಗಳಿಗೆ ಕಟ್ಟುಬಿದ್ದಿದ್ದ ಹೊಲೆಯರು ಕ್ರೈಸ್ತರಾದಾಗ, ಅವರಿಗಾಗಿ ಕಾಫಿ ತೋಟದ ಸುತ್ತ ಒಂದು ಊರು ಎದ್ದಿತು. ಊರಿನ ಹೆಸರು ಆನಂದಪುರ, ಕೌಂಡಿನ್ಯನ ಹೆಸರೇ.

ಕೌಂಡಿನ್ಯ ಕಳೆದುಕೊಂಡದ್ದು ಕಮ್ಮಿಯೇನಲ್ಲ. ಮನೆ, ಜಾತಿ, ಬಳಗ ಎಲ್ಲ ಬಿಟ್ಟು ಬಂದವನು. ಆದರೂ ನನ್ನ ಪ್ರಶ್ನೆ ಬೇರೆ. ಒಂದೇ ದೇವರ ಮುಂದೆ ಒಂದೇ ನೀರಿನಲ್ಲಿ ಮಿಂದವರಲ್ಲಿ ಒಬ್ಬ ಗುರುವಾದ, ಊರಿಗೆ ಹೆಸರಾದ. ಉಳಿದವರು ತೋಟದ ಆಳಾದರು. ನಮ್ಮ ಚರಿತ್ರೆಕಾರರು ಬ್ರಾಹ್ಮಣನ ಮತಾಂತರವನ್ನು ರೋಮಾಂಚನದಿಂದ ಬರೆಯುತ್ತಾರೆ. ಹೊಲೆಯನದ್ದನ್ನು ‘ಗುಂಪು ಮತಾಂತರ’ ಅಂತ ಒಂದು ಸಾಲಲ್ಲಿ ಮುಗಿಸುತ್ತಾರೆ. ಒಬ್ಬನದು ಆತ್ಮದ ಹುಡುಕಾಟವಂತೆ, ಇನ್ನೊಬ್ಬನದು ಹೊಟ್ಟೆಪಾಡಂತೆ! ಈ ಭೇದ ಬೈಬಲ್ಲಿನದ್ದಲ್ಲ, ನಮ್ಮ ಅಗ್ರಹಾರದ್ದು.

ಮಿಷನ್ನಿನ ನೇಯ್ಗೆ, ಹಂಚಿನ ಕಾರ್ಖಾನೆಗಳಲ್ಲೂ ಸಭೆಯವರಿಗೆ ಕೆಲಸ ಸಿಕ್ಕಿತು, ನಿಜ. ಆದರೆ ಅನ್ನ ಕೊಡುವ ಕೈಯೂ ನಡತೆ ತೂಗುವ ಕೈಯೂ ಒಂದೇ ಆದಾಗ ಹಿರಿಯನಿಗೆ ಎದುರು ಮಾತಾಡುವವರು ಯಾರು? ಮಂಗಳೂರು ಕ್ಯಾಥೊಲಿಕರಲ್ಲಿ ವಾಡೆಯ ಮುಖಂಡನಿಗೆ ‘ಗುರ್ಕಾರ’ ಅನ್ನುತ್ತಾರೆ. ತುಳುನಾಡಿನಲ್ಲಿ ಗುರಿಕಾರ ಅಂದರೆ ಜಾತಿಯ ಯಜಮಾನ. ಪದವಿಯ ಹೆಸರಲ್ಲೇ ಹಳೆಯ ಯಜಮಾನಿಕೆಯ ವಾಸನೆ ಉಳಿದಿದೆ.

ಬೈಬಲ್ಲನ್ನೇ ಓದೋಣ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಒಂದು ಜಗಳ ಬರುತ್ತದೆ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟದ ಪಾಲು ಸರಿಯಾಗಿ ಸಿಗುತ್ತಿಲ್ಲ. ಉಸ್ತುವಾರಿಗೆ ಏಳು ಜನರನ್ನು ಆರಿಸುತ್ತಾರೆ. ಏಳೂ ಹೆಸರು ಗ್ರೀಕ್ ಹೆಸರುಗಳು! ಅಂದರೆ ಅನ್ಯಾಯವಾದವರ ಕಡೆಯವರ ಕೈಗೇ ಸೌಟು ಕೊಟ್ಟರು. ನನ್ನ ಪ್ರಕಾರ ಸಭೆಯ ನಾಯಕತ್ವಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ದಲಿತರಿಗೆ ಚರ್ಚು ಏನು ಕೊಟ್ಟಿತು ಎಂಬ ಲೆಕ್ಕ ಆಮೇಲೆ. ಸೌಟು ಯಾರ ಕೈಲಿದೆ ಅನ್ನುವುದು ಮೊದಲು.

ಭಾರತದ ದಲಿತ ಮೂಲದವರೊಬ್ಬರು, ಹೈದರಾಬಾದಿನ ಆಂತೋನಿ ಪೂಲ, ಕಾರ್ಡಿನಲ್ ಆದದ್ದು 2022ರಲ್ಲಿ. ಅವರಿಗಿಂತ ಮೊದಲು ಒಬ್ಬರೂ ಇರಲಿಲ್ಲ. ಇನ್ನೊಂದು ಕಡೆ, 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತನನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. ಆ ಬಾಗಿಲು ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ತೆರೆಯಿತು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡವಾದಾಗ ಕ್ರೈಸ್ತ ಸಿದ್ದಿಗಳಿಗೂ ಅದು ಸಿಕ್ಕಿತು, ಏಕೆಂದರೆ ಪಂಗಡಕ್ಕೆ ಧರ್ಮದ ತಡೆಯಿಲ್ಲ. ಕ್ರೈಸ್ತನಾದ ದಲಿತ ಮಾತ್ರ ಪಂಚಾಯ್ತಿಯಲ್ಲಿ ಪರಿಶಿಷ್ಟ ಜಾತಿಯ ಮೀಸಲು ಕುರ್ಚಿಗೆ ನಿಲ್ಲುವ ಹಾಗಿಲ್ಲ. ಊರಿನ ಆ ಹಿರೇತನವೂ ಇಲ್ಲ, ಸಭೆಯ ಹಿರೇತನವೂ ದೂರ. ‘ನಿಮ್ಮಲ್ಲಿ ಜಾತಿ ಇಲ್ಲವಲ್ಲ’ ಅಂತ ಸರಕಾರ ಹೇಳುತ್ತದೆ. ಇದೆ ಅಂತ ಅವನಿಗೆ ಗೊತ್ತು.

ಗೆಳೆಯರು ಕೇಳುತ್ತಾರೆ: ‘ಅಲ್ಲ ಮಾರಾಯ್ರೆ, 1843ರ ಮಂಗಳೂರ ಸಮಾಚಾರ, 1894ರ ಕಿಟೆಲ್ ನಿಘಂಟು ಎಲ್ಲ ಕೊಟ್ಟವರನ್ನು ಹೀಗೆ ಬೈಯಬಹುದಾ?’ ಬೈಗುಳ ಅಲ್ಲ ಇದು. ಅಕ್ಷರದ ಋಣ ನಮಗೂ ಗೊತ್ತು. ಆದರೆ ಋಣ ತೀರಿಸುವುದು ಅಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ. ಕಲಿತ ಅಕ್ಷರದಲ್ಲೇ ಪ್ರಶ್ನೆ ಬರೆಯುವುದು.

ಹಾಗಾಗಿ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಮಿಷನ್ ಸಾಹಿತ್ಯ ಓದುವಾಗ ನಿಘಂಟು, ವ್ಯಾಕರಣಕ್ಕೇ ನಿಲ್ಲಬೇಡಿ. ಸಭೆಗಳ ಹಳೆಯ ನಡಾವಳಿ ಪುಸ್ತಕ ಬಿಚ್ಚಿ. ಹಿರಿಯರ ಪಟ್ಟಿಯಲ್ಲಿ ಯಾರಿದ್ದಾರೆ, ಶಿಸ್ತಿನ ಕ್ರಮಕ್ಕೆ ಗುರಿಯಾದವರ ಪಟ್ಟಿಯಲ್ಲಿ ಯಾರಿದ್ದಾರೆ, ಎರಡರಲ್ಲೂ ಹೆಂಗಸರು ಎಲ್ಲಿದ್ದಾರೆ, ಪಕ್ಕಪಕ್ಕ ಇಟ್ಟು ನೋಡಿ. ಆನಂದಪುರದ ಚರಿತ್ರೆಯನ್ನು ತೋಟದಲ್ಲಿ ಕಳೆ ಕಿತ್ತವರ ಕಡೆಯಿಂದ ಬರೆಯುವ ಕೆಲಸ ಅಲ್ಲಿಂದ ಶುರುವಾಗಲಿ.