ತೇರು ಕಾಣದ ತೇರಿನ ಚಿತ್ರ

ನವಲಿ ಸೀಮೆಯವನಾದ ನಮ್ಮ ಮಠದ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ವರ್ಷಗಳ ಹಿಂದೆ ತಾನು ತೆಗೆದ ರಥೋತ್ಸವದ ಛಾಯಾಚಿತ್ರವೊಂದನ್ನು ಈ ಪತ್ರಿಕೆಯ ಮುಖಪುಟಕ್ಕೆಂದು ತಂದುಕೊಟ್ಟಿದ್ದನು. ಚಿತ್ರದ ಮೇಲಿನ ಮೂಲೆಯಲ್ಲಿ ತೇರಿನ ಗಾಲಿಯೊಂದರ ಅರ್ಧಭಾಗ ಮಾತ್ರ ಕಾಣುತ್ತಿದ್ದಿತು. ಕಳಸವಿಲ್ಲ, ಉತ್ಸವಮೂರ್ತಿಯಿಲ್ಲ. ನಡುವೆಲ್ಲ ಬಿಗಿದ ಮಿಣಿ, ಅದನ್ನು ಹಿಡಿದ ಹತ್ತಾರು ಕೈಗಳು, ಮೇಲೆದ್ದ ಧೂಳು. “ತಮ್ಮಾ, ಇದರಲ್ಲಿ ತೇರೆಲ್ಲಿದೆ?” ಎಂದು ಕೇಳಿದೆವು. “ಅಜ್ಜಾರ, ತೇರು ಎಳಿಯೋರ ಕೈಯಾಗ ಐತ್ರಿ” ಎಂದನು. ಅದನ್ನು ಬರಿಯ ಚಮತ್ಕಾರದ ಮಾತೆಂದು ಬಗೆದು ಚಿತ್ರವನ್ನು ಹಿಂದಿರುಗಿಸಿದೆವು. ಮುಖಪುಟದಲ್ಲಿ ಎಂದಿನಂತೆ ತೇರು ನಟ್ಟನಡುವೆ ನಿಂತ ಚಿತ್ರವೇ ಅಚ್ಚಾಯಿತು. ಅಂದಿನ ನಮ್ಮ ತೀರ್ಮಾನ ತಪ್ಪಾಗಿದ್ದಿತೆಂದು ಈಗ ತೋರುತ್ತಿದೆ. ಏಕೆ ತಪ್ಪೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮುಖ್ಯವಾದುದು ನಡುವೆ ಇರಬೇಕು, ಪೂರ್ಣವಾಗಿರಬೇಕು, ನೇರವಾಗಿರಬೇಕು ಎಂಬುದು ನಮ್ಮೆಲ್ಲರ ಕಣ್ಣಿಗೆ ಅಂಟಿದ ರೂಢಿ. ಪೂಜೆಗೆಂದು, ನೆನಪಿಗೆಂದು ಗೋಡೆಗೆ ಹಾಕುವ ಭಾವಚಿತ್ರಕ್ಕೆ ಅದು ಉಚಿತವೇ ಸರಿ. ಆದರೆ ಈ ರೂಢಿಯೇ ನೋಟದ ಎಲ್ಲೆಯಾದಾಗ, ಕಣ್ಣು ತನಗೆ ಮೊದಲೇ ತಿಳಿದಿರುವುದನ್ನಷ್ಟೇ ಹುಡುಕತೊಡಗುತ್ತದೆ. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಮೇಲೆ ಹಂಪಿಯ ಕಲ್ಲಿನ ತೇರಿದೆ. ತುಂಗಭದ್ರೆಯನ್ನು ದಾಟಿ ವಿಜಯವಿಠ್ಠಲ ದೇಗುಲಕ್ಕೆ ಹೋದವರು ಆ ನೋಟಿನ ಚಿತ್ರವನ್ನೇ ಮರಳಿ ತೆಗೆದುಕೊಂಡು ಬರುತ್ತಾರೆ. ಅವರು ಹಂಪಿಯನ್ನು ನೋಡಿದರೋ, ನೋಟನ್ನು ನೋಡಿದರೋ ಎಂಬುದು ಸಂದೇಹ.

ಅದೇ ತೇರನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದನು. ಆ ಚಿತ್ರದಲ್ಲಿ ತೇರಿನ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಅದಿಲ್ಲ. ಕಾಗದವನ್ನು ಬಹಳ ಹೊತ್ತು ಬೆಳಕಿಗೆ ಒಡ್ಡಬೇಕಾಗಿದ್ದುದರಿಂದ ಸುಳಿದಾಡುವ ಜನ ಅದರಲ್ಲಿ ಮೂಡುವುದು ಕಷ್ಟವಾಗಿದ್ದಿತು. ಹೀಗಾಗಿ ಅವನ ಹಂಪಿ ನಿರ್ಜನವಾಗಿ ತೋರುತ್ತದೆ. ಆ ನಿರ್ಜನತೆ ಊರಿನದೋ, ಯಂತ್ರದ ಮಿತಿಯೋ ಎಂದು ನೋಡುವವನು ಯೋಚಿಸಬೇಕಾಗುತ್ತದೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಎಡೆಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಯಾವುದೊಂದೂ ತಾನೇ ಪೂರ್ಣವೆಂದು ಹೇಳಿಕೊಳ್ಳಲಾರದು. ಅವುಗಳ ನಡುವಣ 127 ವರ್ಷಗಳನ್ನು ತುಂಬಿಕೊಳ್ಳಬೇಕಾದವನು ನೋಡುಗನೇ.

ರೂಢಿಯನ್ನು ಬುದ್ಧಿಪೂರ್ವಕವಾಗಿ ಮುರಿದವರೂ ಉಂಟು. 1925ರಲ್ಲಿ ರಷ್ಯದ ರಾದ್‌ಚೆಂಕೊ ಮಾಸ್ಕೋದ ವಸತಿ ಕಟ್ಟಡವೊಂದರ ಬುಡದಲ್ಲಿ ನಿಂತು, ಕ್ಯಾಮರಾವನ್ನು ಮೇಲಕ್ಕೆತ್ತಿ, ಅದರ ಬಾಲ್ಕನಿಗಳನ್ನು ಓರೆಯಾಗಿ ಹಿಡಿದನು. ಕ್ಯಾಮರಾವನ್ನು ಹೊಟ್ಟೆಗಾನಿಸಿ ತೆಗೆಯುವ ನೇರ ಚಿತ್ರಗಳನ್ನು ಅವನು ಹೊಕ್ಕುಳಿನ ನೋಟವೆಂದು ಟೀಕಿಸಿದನು. ದಿನವೂ ಕಾಣುವ ಮನೆ ಅವನ ಚಿತ್ರದಲ್ಲಿ ಅಪರಿಚಿತವಾಗುತ್ತದೆ. ಅಪರಿಚಿತವಾದುದರಿಂದಲೇ ನಾವು ಅದನ್ನು ಗಮನವಿಟ್ಟು ನೋಡುತ್ತೇವೆ.

ಈ ತತ್ತ್ವ ನಮಗೆ ಹೊಸದಲ್ಲ. ಕಾಶ್ಮೀರದ ಕುಂತಕನು ವಕ್ರೋಕ್ತಿಯೇ ಕಾವ್ಯದ ಜೀವಿತವೆಂದು ಸಾರಿದನು. ಅಲ್ಲಮಪ್ರಭುವಿನ ಬೆಡಗಿನ ವಚನಗಳು ಮೊದಲ ಓದಿಗೆ ಒಡಪಿನಂತೆ ಎದುರು ನಿಲ್ಲುತ್ತವೆ; ಅವುಗಳಿಗಾಗಿ ಟೀಕಾಪರಂಪರೆಯೇ ಬೆಳೆದು ಬಂದಿತು. ಸಲೀಸಾಗಿ ಒಳಗೆ ಬಿಡದ ಬಾಗಿಲು ತಟ್ಟುವವನ ಎಚ್ಚರವನ್ನು ಬೇಡುತ್ತದೆ. ಮಾತಿನಲ್ಲಿ ಒಪ್ಪಿಕೊಂಡ ಈ ನ್ಯಾಯವನ್ನು ಚಿತ್ರದಲ್ಲಿ ನಾವು ಏಕೆ ನಿರಾಕರಿಸಬೇಕು?

ಹಾಗೆಂದು ಓರೆಯಾದುದೆಲ್ಲ ಕಲೆಯಲ್ಲ. ಕೈ ನಡುಗಿ ವಾಲಿದ ಚಿತ್ರಕ್ಕೂ, ಬೆರಗು ಹುಟ್ಟಿಸಲೆಂದೇ ವಾಲಿಸಿದ ಚಿತ್ರಕ್ಕೂ ಅರ್ಥವನ್ನು ಹೊರಗಿನಿಂದ ಅಂಟಿಸಬೇಕಾಗುತ್ತದೆ. ಪರೀಕ್ಷೆ ಒಂದೇ: ವಕ್ರತೆಯನ್ನು ತೆಗೆದು ನೇರ ಮಾಡಿದರೆ ಅರ್ಥ ನಷ್ಟವಾಗುವುದೇ? ನಷ್ಟವಾಗದಿದ್ದರೆ ಅದು ಕೇವಲ ಸೋಗು.

ನಮ್ಮ ಹುಡುಗನ ಚಿತ್ರವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ತೇರನ್ನು ನಡುವಿಗೆ ತಂದರೆ ಕೈಗಳು ಗುಂಪಿನಲ್ಲಿ ಕರಗಿಹೋಗುತ್ತವೆ. ಅವನ ತಂದೆ ಎಡದಂಡೆ ಕಾಲುವೆಯ ಬಯಲಿನಲ್ಲಿ ಕೂಲಿಗೆ ಭತ್ತ ಕೊಯ್ದವನು. ಪ್ರತಿವರ್ಷವೂ ಮಿಣಿ ಹಿಡಿದವನು. ಯಾವ ಜಾತ್ರೆಯ ಚಿತ್ರದಲ್ಲಿಯೂ ಕಾಣಿಸಿಕೊಳ್ಳದವನು. ತೇರನ್ನು ಅಂಚಿಗೆ ಸರಿಸಿದಾಗ ಮಾತ್ರ ಅಂಥವರಿಗೆ ಚಿತ್ರದಲ್ಲಿ ಜಾಗ ದೊರೆಯಿತು. ಕಾಯಕವನ್ನು ಉಪದೇಶಿಸುವ ನಮಗೆ ಅದು ಕಾಣದೆ ಹೋಯಿತು.

ಮರುವರ್ಷ ಅವನನ್ನು ಕರೆಸಿ ಚಿತ್ರವನ್ನು ಕೇಳಿ ಪಡೆದೆವು. ಇಂದು ಅದು ಮಠದ ದಾಸೋಹದ ಮನೆಯ ಗೋಡೆಯ ಮೇಲಿದೆ. ತೇರೆಲ್ಲಿ ಎಂದು ಕೇಳುವವರು ಈಗಲೂ ಇದ್ದಾರೆ. ಉತ್ತರವನ್ನು ನಾವು ಹೇಳುವುದಿಲ್ಲ. ಇನ್ನೊಂದು ಸಲ ನೋಡಿರೆಂದಷ್ಟೇ ಹೇಳುತ್ತೇವೆ.