ಎಪ್ಪಿಂಗ್ ಅರಣ್ಯವೂ ಮಾರಿಸನ ಪತ್ರಗಳೂ

ವಿಲಿಯಂ ಮಾರಿಸನ (1834–1896) ಹೆಸರನ್ನು ಕೇಳಿದೊಡನೆ ವಾಚಕರಿಗೆ ನೆನಪಾಗುವುವು ಅವನ ದೀರ್ಘಕಾವ್ಯಗಳು, ಅವನ ಮುದ್ರಣಾಲಯದಿಂದ ಹೊರಬಂದ ಸುಂದರ ಗ್ರಂಥಗಳು, ಇಲ್ಲವೆ ಅವನು ಕನಸು ಕಂಡ ಸಮತೆಯ ಸಮಾಜ. ಮರಣಕ್ಕೆ ಒಂದು ವರ್ಷ ಮೊದಲು, 1895ನೆಯ ಇಸವಿಯ ವಸಂತದಲ್ಲಿ, ಅವನು ಲಂಡನ್ನಿನ 'ಡೈಲಿ ಕ್ರಾನಿಕಲ್' ಪತ್ರಿಕೆಗೆ ಎಪ್ಪಿಂಗ್ ಅರಣ್ಯದ ವಿಷಯವಾಗಿ ಬರೆದ ಪತ್ರಗಳು ಈ ಸಾಲಿನಲ್ಲಿ ಸೇರುವುದಿಲ್ಲ. ಆದರೂ ಗಾತ್ರದಲ್ಲಿ ಅಲ್ಪವಾದ ಆ ಬರಹವು ಒಂದು ದೊಡ್ಡ ಪ್ರಶ್ನೆಯನ್ನೆತ್ತುತ್ತದೆ: ವನದ ಚೆಲುವನ್ನು ಸವಿಯುವ ಕಣ್ಣಿಗೂ ಆ ಚೆಲುವನ್ನು ಉಂಟುಮಾಡುವ ಕೈಗೂ ಇರುವ ಸಂಬಂಧವೇನು?

ಪತ್ರಗಳನ್ನು ತೂಗುವ ಮುನ್ನ ಅರಣ್ಯದ ಪೂರ್ವಕಥೆಯನ್ನು ತಿಳಿಯುವುದು ಅವಶ್ಯ. ಲಂಡನ್ನಿನ ಈಶಾನ್ಯದಲ್ಲಿ ಸುಮಾರು 6,000 ಎಕರೆಗಳಷ್ಟು ಹರಡಿರುವ ಈ ಕಾಡು 12ನೆಯ ಶತಮಾನದಿಂದ ಅರಸರ ಬೇಟೆಗೆ ಮೀಸಲಾಗಿದ್ದಿತು. ಆದರೆ ಅದು ಅರಸರಿಗೆ ಮಾತ್ರವೇ ಸೇರಿದುದಾಗಿರಲಿಲ್ಲ. ಜಿಂಕೆ ಅರಸನದು, ಹುಲ್ಲು ಸುತ್ತಲಿನ ರೈತರ ದನಗಳದು, ಲೌಟನ್ ಮೊದಲಾದ ಊರುಗಳಲ್ಲಿ ಒಲೆಯ ಸೌದೆಗಾಗಿ ಮರದ ಕೊಂಬೆಗಳು ಊರವರವು. ನವೆಂಬರ್ 11ನೆಯ ನಡುರಾತ್ರಿ ಮೊದಲ ಕೊಂಬೆಗೆ ಕೊಡಲಿ ಹಾಕಿದರೆ ಏಪ್ರಿಲ್ 23ರ ವರೆಗೆ ಕಡಿಯಬಹುದೆಂಬುದು ಲೌಟನ್ನಿನ ರೂಢಿ. ಚಳಿಗಾಲದಲ್ಲಿ ಮರವು ನಿದ್ರಿಸುತ್ತಿರುವಾಗ ಕಡಿತ, ವಸಂತದಲ್ಲಿ ಚಿಗುರು, ಬೇಸಿಗೆಯಲ್ಲಿ ಆ ಚಿಗುರಿನ ಕೆಳಗೆ ದನಗಳ ಮೇವು. ಬುಡಕ್ಕೆ ಕಡಿದರೆ ಎಳೆಚಿಗುರನ್ನು ದನವೂ ಜಿಂಕೆಯೂ ತಿಂದುಬಿಡುವುದರಿಂದ, ಅವುಗಳ ಬಾಯಿಗೆ ಎಟುಕದ ಎತ್ತರದಲ್ಲಿ ತಲೆಯನ್ನು ಸವರುತ್ತಿದ್ದರು. ಹಾರ್ನ್‌ಬೀಮ್, ಬೀಚ್, ಓಕ್ ಮರಗಳ ಗಿಡ್ಡನೆಯ ದಪ್ಪ ಕಾಂಡಗಳೂ, ಮುಷ್ಟಿ ಬಿಗಿದಂತಹ ಗಂಟುತಲೆಗಳೂ ಹೀಗೆ ಶತಮಾನಗಳ ಕಾಲ ರೂಪುಗೊಂಡುವು.

19ನೆಯ ಶತಮಾನದ ನಡುವೆ ಜಮೀನುದಾರರು ಕಾಡಿಗೆ ಬೇಲಿ ಹಾಕತೊಡಗಿದರು. ಲೌಟನ್ನಿನ ಥಾಮಸ್ ವಿಲ್ಲಿಂಗೇಲನು ಹಳೆಯ ಹಕ್ಕನ್ನು ಬಿಡಲೊಲ್ಲದೆ ಹೋರಾಡಿದನು. 1866ರಲ್ಲಿ ಅವನ ಮನೆತನದವರು ಕೊಂಬೆ ಕಡಿದುದಕ್ಕಾಗಿ ಸೆರೆಮನೆಯನ್ನು ಕಂಡರು. ಈ ಕಲಹದ ಫಲವಾಗಿ ಲಂಡನ್ ನಗರಸಭೆಯು ವ್ಯಾಜ್ಯ ಹೂಡಿ ಗೆದ್ದಿತು. 1878ರ ಶಾಸನದಿಂದ ಅರಣ್ಯವು ಜನತೆಯ ವಿಹಾರಕ್ಕಾಗಿ ಆ ಸಭೆಯ ವಶವಾಯಿತು. 1882ರಲ್ಲಿ ವಿಕ್ಟೋರಿಯಾ ರಾಣಿಯು ಬಂದು ಅದನ್ನು ಪ್ರಜೆಗಳಿಗೆ ಅರ್ಪಿಸಿದಳು. ಆದರೆ ಕಾಡನ್ನು ಉಳಿಸಿದ ಆ ಶಾಸನವೇ ಕೊಂಬೆ ಕಡಿಯುವ ಹಕ್ಕನ್ನು ಅಳಿಸಿತು. ಪರಿಹಾರದ ಹಣದಿಂದ ಲೌಟನ್ನಿನವರಿಗೆ ಒಂದು ಸಭಾಭವನವು ದೊರೆಯಿತು. ಕೊಡಲಿ ಹೋಯಿತು, ಕಟ್ಟಡ ಬಂದಿತು.

ಇದಾದ 17 ವರ್ಷಗಳ ಮೇಲೆ ಮಾರಿಸನು ಲೇಖನಿಯನ್ನೆತ್ತಿದನು. ಅರಣ್ಯದ ಅಂಚಿನಲ್ಲಿ ಹುಟ್ಟಿ ಬೆಳೆದ ಅವನಿಗೆ ಅದರ ಪೊದೆಪೊದೆಯೂ ಬಾಲ್ಯದ ಗೆಳೆಯ. ಹೊಸ ರಕ್ಷಕರು ಮರಗಳ ದಟ್ಟಣೆಯನ್ನು ಸಡಿಲಿಸಲೆಂದು ಹಾರ್ನ್‌ಬೀಮ್‌ಗಳನ್ನು ಉರುಳಿಸುತ್ತಿದ್ದುದು ಅವನ ಮನಸ್ಸನ್ನು ಕಲಕಿತು. ಇಂತಹ ವನವು ಬೇರೆಲ್ಲಿಯೂ ಇಲ್ಲ, ಇದನ್ನು ಉದ್ಯಾನವಾಗಿಸಬಾರದು, ಇದರ ಸ್ವಭಾವವು ಕೆಡಬಾರದು ಎಂಬುದು ಅವನ ವಾದದ ಸಾರ. ಶೈಲಿಯಲ್ಲಿ ಆಡಂಬರವಿಲ್ಲ, ಕೋಪವಿದ್ದರೂ ಕಣ್ಣು ಮಂಜಾಗಿಲ್ಲ. ಇತರರು ಕುರೂಪವೆಂದು ಕಡೆಗಣಿಸಬಹುದಾದ ಗಂಟುಮರಗಳಲ್ಲಿ ಅಸದೃಶವಾದ ಸೊಬಗನ್ನು ಗುರುತಿಸಿದುದು ರಸಿಕತೆಯ ಹೆಗ್ಗುರುತೆನ್ನಬೇಕು.

ಆದರೆ ಈ ಬರಹದ ಕೊರತೆಯೂ ಅಲ್ಲಿಯೇ ಅಡಗಿದೆ. ಆ ಮರಗಳನ್ನು ಕೆಲವು ವರ್ಷಗಳಿಗೊಮ್ಮೆ ಸವರುತ್ತಿದ್ದರೆಂಬುದನ್ನು ಮಾರಿಸನು ಬಲ್ಲನು. ಅದನ್ನು ಒಂದು ಮಾತಿನಲ್ಲಿ ಹೇಳಿಯೂ ಇದ್ದಾನೆ. ಹೇಳಿ ಮುಂದೆ ಸಾಗುತ್ತಾನೆ. ಕಾರ್ಯವನ್ನು ಉಳಿಸಿರೆಂದು ಕೇಳುವವನು ಕಾರಣವನ್ನು ಮರಳಿ ತನ್ನಿರೆಂದು ಕೇಳುವುದಿಲ್ಲ. ಕೈಕೆಲಸದಲ್ಲಿಯೇ ಮನುಷ್ಯನ ಆನಂದವಿದೆಯೆಂದು ಜೀವಮಾನವೆಲ್ಲ ಸಾರಿದವನ ವಾದವು ಕೊಡಲಿ ಹಿಡಿದ ಕೈಗಳ ಪರವಾಗಿ ನಿಲ್ಲದಿರುವುದು ಸೋಜಿಗವೇ ಸರಿ.

ಇದಕ್ಕೆ ಕಾರಣವನ್ನು ಅವನ ಮತ್ತೊಂದು ಕಾರ್ಯದಲ್ಲಿ ಕಾಣಬಹುದು. 1877ರಲ್ಲಿ ಅವನು ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದ್ದನು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲನ್ನು ಕೆರೆದು ಹೊಸದಾಗಿಸಬಾರದೆಂಬುದು ಅದರ ಮತ. ಅದೇ ಕಣ್ಣಿನಿಂದ ಅವನು ಅರಣ್ಯವನ್ನೂ ನೋಡಿದಂತೆ ತೋರುತ್ತದೆ. ಆದರೆ ದೇಗುಲವನ್ನು ಕಟ್ಟಿದ ಶಿಲ್ಪಿಯು ಕೆಲಸವನ್ನು ಮುಗಿಸಿ ಹೋಗಿದ್ದಾನೆ. ಅರಣ್ಯದ ಶಿಲ್ಪಿಯ ಕೆಲಸವು ಮುಗಿಯುವುದಲ್ಲ, ಅವನು ಪ್ರತಿ ಚಳಿಗಾಲವೂ ಮರಳಿ ಬರಬೇಕು. ವಿನೋದವೇನೆಂದರೆ, ದಿನದಿನದ ಆರೈಕೆಯೇ ನಿಜವಾದ ರಕ್ಷಣೆಯೆಂಬುದೂ ಆ ಸಂಘದ ಸೂತ್ರವೇ ಆಗಿದ್ದಿತು. ಅದನ್ನು ಮಾರಿಸನು ವನಕ್ಕೂ ಅನ್ವಯಿಸಿದ್ದರೆ ವಿಲ್ಲಿಂಗೇಲನ ಬಾಗಿಲಿಗೇ ಬಂದು ನಿಲ್ಲುತ್ತಿದ್ದನು.

ಮುಂದಿನ ಕಾಲವು ಈ ವಿಮರ್ಶೆಯನ್ನು ಸಮರ್ಥಿಸಿದೆ. ಕಡಿತ ನಿಂತ ಮರಗಳ ಕೊಂಬೆಗಳು ಕಾಂಡದ ಬಲವನ್ನು ಮೀರಿ ದಪ್ಪನಾಗಿ ಬೆಳೆದುವು; ಭಾರಕ್ಕೆ ಮರಗಳು ಸೀಳಿದುವು. ನೆಲಕ್ಕೆ ಬೆಳಕಿಳಿಯದೆ ಹುಲ್ಲೂ ಹೂಗಿಡಗಳೂ ಸೊರಗಿದುವು. ಸವರಿದ ಮರವೇ ಸವರದ ಮರಕ್ಕಿಂತ ಹೆಚ್ಚು ಕಾಲ ಬಾಳುತ್ತದೆಂಬ ಹಳ್ಳಿಗರ ಅನುಭವವನ್ನು ಸಸ್ಯಶಾಸ್ತ್ರಜ್ಞರೂ ಒಪ್ಪಿದರು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ನಗರಸಭೆಯೇ ಮತ್ತೆ ಮರಗಳ ತಲೆ ಸವರಿಸತೊಡಗಿತು. ಆದರೆ ನೂರು ವರ್ಷ ಬಿಟ್ಟ ಬೀಚ್ ಮರವನ್ನು ಒಮ್ಮೆಗೇ ಕಡಿದರೆ ಅದು ಸಾಯಬಹುದು. ಆದುದರಿಂದ ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ತಗ್ಗಿಸಬೇಕಾಗಿದೆ. ಇಂದು ಅಲ್ಲಿ ಇಂತಹ ಮುದಿಮರಗಳು 50,000ಕ್ಕೂ ಮಿಕ್ಕಿವೆ. ಉದ್ದಕೊಂಬಿನ ದನಗಳು ಕೊರಳಲ್ಲಿ ಯಂತ್ರದ ಪಟ್ಟಿಯನ್ನು ಧರಿಸಿ, ಕಣ್ಣಿಗೆ ಕಾಣದ ಬೇಲಿಯೊಳಗೆ ಮೇಯುತ್ತವೆ. ಋತುಗಳ ಹಳೆಯ ದುಡಿಮೆಯೇ ಹೊಸ ವೇಷದಲ್ಲಿ ಮರಳಿದೆ.

ಉತ್ತರ ಕನ್ನಡದ ಅಡಕೆ ತೋಟಿಗರಿಗೆ ಇದು ಹೊಸ ಮಾತಲ್ಲ. ಸೊಪ್ಪಿನ ಬೆಟ್ಟದಲ್ಲಿ ಯಾವ ಕೊಂಬೆಯನ್ನು ಸವರಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಬೆಟ್ಟದ ಆಯುಷ್ಯವೆಂಬುದನ್ನು ಅವರು ಬಲ್ಲರು. ವಿವೇಕ ತಪ್ಪಿದಲ್ಲಿ ಬೆಟ್ಟವು ಬೋಳಾಗುವುದನ್ನೂ ಕಂಡಿದ್ದಾರೆ.

ಮಾರಿಸನ ಪತ್ರಗಳು ಇಂದಿಗೂ ಓದತಕ್ಕವು. ಎಪ್ಪಿಂಗ್ ಉದ್ಯಾನವಾಗಬಾರದೆಂಬ ಅವನ ಮಾತು ಸತ್ಯ. ಆದರೆ ಮುಟ್ಟದೆ ಬಿಟ್ಟರೆ ಉಳಿಯುತ್ತದೆಂಬ ಭಾವನೆಯು ಸತ್ಯವಲ್ಲ. ಅವನು ಮೆಚ್ಚಿದ ಆ ಗಂಟುತಲೆಗಳಲ್ಲಿ ಒಂದೊಂದು ಗಂಟೂ, ಚಳಿಗೆ ನಡುಗುತ್ತ ಒಲೆಗೆ ಸೌದೆ ಕಡಿದ ಬಡವನೊಬ್ಬನ ಕೈಬರಹ. ಸಾಹಿತ್ಯದಲ್ಲಿ ಆ ಬರಹವನ್ನು ಮೊದಲು ಕಂಡು ಮೆಚ್ಚಿದವರಲ್ಲಿ ಮಾರಿಸನೊಬ್ಬನು. ಬರೆದವನ ಹೆಸರನ್ನು ಮಾತ್ರ ಓದದೆ ಹೋದನು.