ಕಮಾನುಗಳ ಕೆಳಗಿನ ಸ್ಥಳನಾಮಗಳು: ರಿಬಲ್‌ಹೆಡ್ ಸೇತುವೆಯ ಪರಂಪರೆ

ವಿಕ್ಟೋರಿಯಾ ಕಾಲದ ರೈಲ್ವೆ ಕಲ್ಲುಸೇತುವೆಗಳನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ವಾಸ್ತುಶಿಲ್ಪದ ಪ್ರಶಂಸೆಯಾಗಿದೆ. ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ಮಾರ್ಗದ ರಿಬಲ್‌ಹೆಡ್ ಸೇತುವೆ ಇದಕ್ಕೆ ಉತ್ತಮ ನಿದರ್ಶನ. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಯ ಇಂಜಿನಿಯರ್ ಜಾನ್ ಸಿಡ್ನಿ ಕ್ರಾಸ್ಲಿ ರೂಪಿಸಿದ ಈ ಸೇತುವೆಯ ನಿರ್ಮಾಣ 1870ರಲ್ಲಿ ಆರಂಭವಾಯಿತು. 1875ರಲ್ಲಿ ಸರಕಿನ ಗಾಡಿಗಳೂ 1876ರಲ್ಲಿ ಪ್ರಯಾಣಿಕರ ಗಾಡಿಗಳೂ ಇದರ ಮೇಲೆ ಸಂಚರಿಸತೊಡಗಿದವು. ಸುಮಾರು 400 ಮೀಟರ್ ಉದ್ದ, 32 ಮೀಟರ್ ಎತ್ತರದ ಈ ರಚನೆಗೆ 24 ಕಮಾನುಗಳಿವೆ. ಕಂಬಗಳು ಸುಣ್ಣಕಲ್ಲಿನವು, ಕಮಾನುಗಳ ಒಳಮೈ ಇಟ್ಟಿಗೆಯದು. ಪ್ರತಿ ಆರನೆಯ ಕಂಬವನ್ನು ಉಳಿದವುಗಳಿಗಿಂತ ದಪ್ಪವಾಗಿ ಕಟ್ಟಲಾಗಿದೆ. ಎಲ್ಲಿಯಾದರೂ ಒಂದು ಕಂಬ ಬಿದ್ದರೆ ಕುಸಿತವು ಇಡೀ ಸೇತುವೆಗೆ ಹಬ್ಬದಂತೆ ತಡೆಯುವುದು ಇದರ ಉದ್ದೇಶ.

ಈ ವಿವರಗಳು ಅಗತ್ಯವಾದರೂ ಪರಂಪರೆಯ ಅಧ್ಯಯನಕ್ಕೆ ಸಾಲವು. ಕಲ್ಲು ಕಡಿದು ಹೊತ್ತ ‘ನ್ಯಾವಿ’ ಕೂಲಿಕಾರರು ಸಂಸಾರ ಸಮೇತ ಸುತ್ತಲಿನ ಜೌಗುನೆಲದಲ್ಲಿ ಬಿಡಾರ ಹೂಡಿದ್ದರು. ಆ ಬಿಡಾರಗಳ ಹೆಸರುಗಳೇ ಜಾನಪದ ವಿದ್ವಾಂಸರಿಗೆ ಮುಖ್ಯ ಆಕರ. ಸೆಬಾಸ್ಟೊಪೋಲ್ ಎಂಬುದು 1853–56ರ ಕ್ರಿಮಿಯಾ ಯುದ್ಧದ ನೆನಪು. ಜೆರಿಕೊ, ಜೆರೂಸಲೇಂ ಬೈಬಲಿನಿಂದ ಬಂದವು. ಮರದ ಗುಡಿಸಲುಗಳ ಕೇರಿಯೊಂದಕ್ಕೆ ಲಂಡನ್ನಿನ ಸಿರಿವಂತರ ಬಡಾವಣೆಯಾದ ಬೆಲ್‌ಗ್ರೇವಿಯಾದ ಹೆಸರು ಬಂದುದರಲ್ಲಿ ಬಡವರ ವ್ಯಂಗ್ಯವಿದೆ ಎಂದು ಊಹಿಸಬಹುದು.

ಸಾವನ್ನು ಸ್ಮರಿಸುವ ಕ್ರಮವೂ ವಿಮರ್ಶೆಗೆ ಅರ್ಹವಾಗಿದೆ. ಚಾಪೆಲ್-ಲಿ-ಡೇಲ್ ಚರ್ಚಿನಲ್ಲಿ ಸಹಕಾರ್ಮಿಕರೂ ಕಂಪನಿಯೂ ಸೇರಿ ಹಾಕಿಸಿದ ಫಲಕವೊಂದಿದೆ. ಅದು ನೆನೆಯುವುದು ಅಪಘಾತಗಳಲ್ಲಿ ಮಡಿದವರನ್ನು ಮಾತ್ರ. 1871ರಲ್ಲಿ ಬಿಡಾರಗಳಿಗೆ ಬಡಿದ ಸಿಡುಬಿಗೆ ಬಲಿಯಾದವರು ಆ ಸ್ಮರಣೆಯ ಹೊರಗುಳಿದರು. ಮೃತರ ಸಂಖ್ಯೆ ಏರಿದಂತೆ ಅಲ್ಲಿನ ಸ್ಮಶಾನವನ್ನೇ ವಿಸ್ತರಿಸಬೇಕಾಯಿತು. ಹೆಂಗಸರು, ಮಕ್ಕಳನ್ನೂ ಒಳಗೊಂಡ ಸ್ಮಾರಕ ಅಲ್ಲಿಗೆ ಬರಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಯಾರ ಸಾವು ‘ನಿರ್ಮಾಣದ ಬೆಲೆ’ ಎನಿಸಿಕೊಳ್ಳುತ್ತದೆ, ಯಾರದು ಕೇವಲ ಕಾಯಿಲೆಯ ಸಾವಾಗುತ್ತದೆ ಎಂಬ ಪ್ರಶ್ನೆಯನ್ನು ಈ ಅಂತರ ಎತ್ತುತ್ತದೆ.

1980ರ ದಶಕದಲ್ಲಿ ದುರಸ್ತಿಯ ವೆಚ್ಚವನ್ನು ಮುಂದಿಟ್ಟು ಮಾರ್ಗವನ್ನೇ ಮುಚ್ಚುವ ಪ್ರಸ್ತಾಪ ಬಂದಿತ್ತು. ಸಾರ್ವಜನಿಕರ ಹೋರಾಟದ ಫಲವಾಗಿ 1989ರಲ್ಲಿ ಸರ್ಕಾರ ಅದನ್ನು ತಿರಸ್ಕರಿಸಿತು. ಸೇತುವೆ ದುರಸ್ತಿಗೊಂಡು ಉಳಿಯಿತು. ಬಿಡಾರಗಳ ನೆಲೆಗೂ ಈಗ ಸಂರಕ್ಷಿತ ಸ್ಮಾರಕದ ಸ್ಥಾನವಿದೆ. ಆದರೆ ಅಲ್ಲಿ ಉಳಿದಿರುವುದು ಹುಲ್ಲು ಮುಚ್ಚಿದ ದಿಬ್ಬಗಳಷ್ಟೇ. ಸೇತುವೆ ತಾನೇ ಕಣ್ಣಿಗೆ ಬೀಳುತ್ತದೆ. ಅದನ್ನು ಕಟ್ಟಿದವರ ಬದುಕನ್ನು ಹೆಸರುಗಳ ಮೂಲಕವೇ ಹುಡುಕಬೇಕಾಗಿದೆ. ಇವೆರಡನ್ನೂ ಒಟ್ಟಿಗೆ ಓದಿದಾಗಲೇ ಈ ಪರಂಪರೆಯ ಅಧ್ಯಯನ ಪೂರ್ಣವಾದೀತು.